ಕಂಬಳಿ ಹೊದಿಸಲು ಯಜಮಾನರು ಸಿಗಲಿಲ್ಲ

ಮಧುಗಿರಿ, ಹೊರಡುವ ಮುನ್ನ

ಚೆಕ್ ದೇಶದ ಬರ್ನೋ ಎಂಬ ಊರಿಗೆ ಹೋಗಿ ಬಂದೆ ಎಂದು ತಿಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು: ‘ಏನೇನು ನೋಡಿದ್ರಿ ಮೇಷ್ಟ್ರೇ?’ ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಕಚ್ಚಿಕೊಳ್ಳಬೇಕಾಗಿಲ್ಲ. ನನಗೆ ಚಿಕ್ಕಂದಿನಲ್ಲೇ ಕಣ್ಣು ಹೋಯಿತು. ಮಧುಗಿರಿಯ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ಈ ಪ್ರವಾಸದಲ್ಲಿ ನನ್ನ ಪಾಲಿಗೆ ಬಂದದ್ದು ಕೇಳುವುದು, ಮುಟ್ಟುವುದು, ಮೂಸುವುದು. ನೋಡುವ ಕೆಲಸವನ್ನು ಜೊತೆಗೆ ಬಂದ ಖಲೀಲನಿಗೆ ವಹಿಸಿದ್ದೆ. ಖಲೀಲ ಶಿರಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಗೆಳೆಯ, ಆದರೆ ನೋಡಿದ್ದನ್ನು ಹೇಳುವುದರಲ್ಲಿ ಮಹಾ ಜಿಪುಣ. ಅಲ್ಲಿಯ ದೊಡ್ಡ ಇಗರ್ಜಿಯ ಮುಂದೆ ನಿಲ್ಲಿಸಿ ‘ಹೆಂಗಿದೆಯೋ?’ ಎಂದರೆ, ‘ಎತ್ತರ ಐತೆ ಮೇಷ್ಟ್ರೇ. ನಮ್ ಮಧುಗಿರಿ ಬೆಟ್ಟದಷ್ಟಿಲ್ಲ ಬುಡಿ’ ಎಂದು ಮುಗಿಸಿದ.

ನಾವು ಹೋದದ್ದು ತಗಡಣ್ಣನಿಗಾಗಿ. ತಗಡಣ್ಣ ಮನುಷ್ಯನಲ್ಲ. ಕಂಪ್ಯೂಟರಿನ ಮೇಲೆ, ಫೋನಿನ ಮೇಲೆ ಇರುವ ಅಕ್ಷರಗಳನ್ನು ಕುರುಡರಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ. ಅದರ ಕನ್ನಡದ ದನಿ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತದೆ. ಅದಕ್ಕೇ ನಮ್ಮ ನಾಲ್ಕು ತಾಲ್ಲೂಕಿನ ಕುರುಡರು ಅವನನ್ನು ತಗಡಣ್ಣ ಎಂದು ಕರೆಯುತ್ತೇವೆ. ಅವನು ಓದುವಾಗ ಉಸಿರು ತೆಗೆದುಕೊಳ್ಳುವುದಿಲ್ಲ. ಮದುವೆ ಕರೆಯೋಲೆಗೂ ಸಾವಿನ ಸುದ್ದಿಗೂ ಅವನದು ಒಂದೇ ರಾಗ. ಹಾಗಿದ್ದೂ ಅವನು ನಮ್ಮ ಮನೆಯವನಾಗಿಬಿಟ್ಟಿದ್ದ.

ಅವನಿಗಿಂತ ಮೊದಲು ನಾನು ಓದಿದ್ದೆಲ್ಲ ಇನ್ನೊಬ್ಬರ ಬಾಯಿಂದ. ಅಕ್ಕ ಒಲೆಯ ಮುಂದೆ ಕೂತು ನನ್ನ ಪಠ್ಯಪುಸ್ತಕಗಳನ್ನೆಲ್ಲ ಓದಿ ಹೇಳಿದಳು, ಹಾಲು ಉಕ್ಕಿದಾಗ ಮೌರ್ಯರು ಅರ್ಧಕ್ಕೇ ನಿಂತರು. ಆಮೇಲೆ ಸಹೋದ್ಯೋಗಿಗಳು ಪತ್ರಿಕೆ ಓದಿದರು, ತಮಗೆ ರುಚಿಸಿದ ಪುಟಗಳನ್ನು ಮಾತ್ರ. ತಗಡಣ್ಣ ಬಂದ ದಿನ ನಾನು ಕೊನೆಯ ಪುಟದ ಹರಾಜು ಪ್ರಕಟಣೆಯನ್ನೂ ಬಿಡದೆ ಕೇಳಿದೆ. ಹರಾಜು ನನಗೆ ಬೇಕಿರಲಿಲ್ಲ. ಯಾರ ಬಿಡುವಿಗೂ ಕಾಯದೆ ಓದಬಹುದು ಎನ್ನುವುದು ಬೇಕಿತ್ತು. ಅವತ್ತು ಖುಷಿಯಲ್ಲಿ ಊಟ ತಣ್ಣಗಾದದ್ದೂ ತಿಳಿಯಲಿಲ್ಲ.

ಅವನಿಗೂ ಮುಂಚೆ ಕಾಲೇಜಿಗೆ ದುಡ್ಡು ಕೊಟ್ಟು ತರಿಸಿದ ಬೇರೊಂದು ತಂತ್ರಾಂಶವಿತ್ತು. ಅದು ಒಂದೇ ಯಂತ್ರದಲ್ಲಿ ಮಾತಾಡುತ್ತಿತ್ತು. ಆ ಯಂತ್ರ ಸುಟ್ಟ ದಿನ ಅದೂ ಸತ್ತಿತು, ಮಾಡಿದವರು ಕನ್ನಡವನ್ನೇ ನಿಲ್ಲಿಸಿದ್ದರು. ಒಳಗೆ ಏನಿದೆ ಎಂದು ತೆರೆದು ನೋಡುವ ಹಕ್ಕು ಯಾರಿಗೂ ಇರಲಿಲ್ಲ. ತಗಡಣ್ಣ ಹಾಗಲ್ಲ, ಅವನು ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಖಲೀಲ ತನ್ನ ಗಿರಾಕಿಗಳಿಗೆ ಇದನ್ನು ‘ಬೀಗ ಹಾಕ್ದಿರೋ ಮನೆ ಕಣಣ್ಣ’ ಎಂದು ವಿವರಿಸುತ್ತಾನೆ. ಬೀಗ ಹಾಕದ ಮನೆಯನ್ನು ಗುಡಿಸುವವರು ಯಾರು ಎಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಹೀಗಿರುವಾಗ, ನೋಡಿಕೊಳ್ಳುವವರಿಲ್ಲದ ಭಾಷೆಗಳನ್ನು ಮುಂದಿನ ಆವೃತ್ತಿಯಿಂದ ಕೈಬಿಡುತ್ತೇವೆ ಎಂದು ಪ್ರಕಟಣೆ ಬಂತು. ಅದರಲ್ಲಿ ಕನ್ನಡವೂ ಇತ್ತು. ಕಾಲೇಜಿಗೆ ಬಂದ ಹೊಸ ಕಂಪ್ಯೂಟರಿನಲ್ಲಿ ಆ ಆವೃತ್ತಿಯ ಪರೀಕ್ಷಾ ಪ್ರತಿಯನ್ನು ಹಾಕಿ ನೋಡಿದೆವು. ಇಂಗ್ಲಿಷನ್ನು ಗಡಗಡ ಓದಿತು. ಕನ್ನಡ ಬಂದ ಕೂಡಲೇ ಬಾಯಿ ಮುಚ್ಚಿತು. ಸಾಲಿನ ಮೇಲೆ ಸಾಲು ಇಳಿಸಿದೆ, ಸದ್ದೇ ಇಲ್ಲ. ನನಗೆ ಎರಡನೇ ಸಲ ಕಣ್ಣು ಹೋದ ಹಾಗಾಯಿತು.

‘ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ’ ಎಂದು ಉದ್ದದ ಮನವಿ ಬರೆದು ಕಳಿಸಿದೆ. ಉತ್ತರ ಚುಟುಕಾಗಿತ್ತು: ನಮ್ಮಲ್ಲಿ ಅಧ್ಯಕ್ಷರಿಲ್ಲ, ಬರ್ನೋದಲ್ಲಿ ಎಲ್ಲ ಭಾಷೆಯವರೂ ಸೇರುತ್ತೇವೆ, ನೀವೂ ಬನ್ನಿ, ಜೊತೆಗೊಬ್ಬರನ್ನು ಕರೆತನ್ನಿ, ಪ್ರಯಾಣದ ಏರ್ಪಾಟು ನಮ್ಮದು. ಅಧ್ಯಕ್ಷರಿಲ್ಲ ಎನ್ನುವುದನ್ನು ನಾನು ನಂಬಲಿಲ್ಲ. ನಮ್ಮೂರಿನ ವಾಲಿಬಾಲ್ ತಂಡಕ್ಕೇ ಗೌರವಾಧ್ಯಕ್ಷರಿದ್ದಾರೆ. ದೊಡ್ಡವರು ವಿನಯಕ್ಕೆ ಹಾಗಂದಿರಬೇಕು, ಹೋಗಿ ಕಂಡು ಸನ್ಮಾನ ಮಾಡಿದರೆ ಕೆಲಸ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಖಲೀಲ ಹುಲಿಕುಂಟೆಯಿಂದ ಒಳ್ಳೆಯ ಕರಿ ಕಂಬಳಿಯೊಂದನ್ನು ತಂದ. ಜರಿ ಶಾಲು ಎಲ್ಲರಿಗೂ ಹೊದಿಸುತ್ತಾರೆ, ಕಂಬಳಿಯಾದರೆ ನೆನಪಿರುತ್ತದೆ ಎಂಬುದು ಅವನ ವಾದ.

ಪಾವಗಡ ತಾಲ್ಲೂಕು ಬಲಸಮುದ್ರದ ನಾರಾಯಣಪ್ಪನವರು ಕಡಲೆಕಾಯಿ ಮಿಠಾಯಿ ಕಟ್ಟಿಸಿ ಕಳಿಸಿದರು. ಅವರು ಹಿಂದೆ ಊರಿನ ಅಂಚೆ ಮಾಸ್ತರು, ಓದು ಬಾರದವರಿಗೆ ಕಾಗದ ಓದಿ ಹೇಳಿದವರು. ನಿವೃತ್ತಿಯ ಹೊತ್ತಿಗೆ ಅವರ ಕಣ್ಣೂ ಹೋಯಿತು. ಹೊಲ ಸೋಲಾರ್ ಪಾರ್ಕಿಗೆ ಸೇರಿದ ಮೇಲೆ ಅವರಿಗೆ ದಿನವಿಡೀ ತಗಡಣ್ಣನ ಸಂಗ. ಒಮ್ಮೆ ನಾನು ಅವನ ಓದಿನ ಬಗ್ಗೆ ಗೊಣಗಿದಾಗ ತಮ್ಮ ಗಡಿನಾಡಿನ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ಗದರಿದ್ದರು: ‘ಏಮಯ್ಯಾ ಮೇಷ್ಟ್ರೇ, ದಾಸೋಹದಾಗೆ ಕೂತ್ಕೊಂಡು ಸಾರಿಗೆ ಉಪ್ಪು ಸಾಲ್ದು ಅಂತಾರೇನಪ್ಪಾ? ಬಿಟ್ಟಿ ಕೊಟ್ಟೋರ್ನ ಅನ್ನಬಾರ್ದು, ತಪ್ಪು.’ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೊರಡುವ ದಿನ ಫೋನಿನಲ್ಲಿ ಒಂದೇ ಮಾತು ಹೇಳಿದರು. ‘ಅವನ್ನ ಕರ್ಕೊಂಡೇ ಬಾ ನಾಯ್ನಾ. ಈ ವಯಸ್ಸಿನಾಗೆ ನಂಗೆ ಇನ್ಯಾರು ಓದ್ತಾರೆ?’

ವಿಯೆನ್ನಾ

ಬರ್ನೋಗೆ ನೇರ ವಿಮಾನವಿಲ್ಲ. ಪಕ್ಕದ ದೇಶದ ವಿಯೆನ್ನಾದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಇಳಿದದ್ದೇ ತಡ, ನಮ್ಮ ಚೀಲಕ್ಕೊಂದು ನಾಯಿ ಗಂಟುಬಿತ್ತು. ವಿಮಾನ ನಿಲ್ದಾಣದ ಪೊಲೀಸ್ ನಾಯಿ. ಮೂಗನ್ನು ಚೀಲಕ್ಕೆ ಒತ್ತಿ ಉಸಿರೆಳೆಯುವುದು ನನಗೆ ಚೆನ್ನಾಗಿ ಕೇಳುತ್ತಿತ್ತು. ಖಲೀಲನ ಕೈ ನನ್ನ ತೋಳಿನ ಮೇಲೆ ಬಿಗಿಯಾಯಿತು.

ಅಧಿಕಾರಿ ಚೀಲ ಬಿಚ್ಚಿಸಿ ಇದೇನು ಎಂದು ಕೇಳಿದ. ಕಂಬಳಿ ಎಂದೆ. ಯಾತಕ್ಕೆ ಎಂದ. ದೊಡ್ಡವರಿಗೆ ಹೊದಿಸಲು ಎಂದೆ. ಯಾರು ಆ ದೊಡ್ಡವರು ಎಂದ. ಅದು ಇನ್ನೂ ಗೊತ್ತಾಗಿಲ್ಲ ಎಂದು ಸತ್ಯವನ್ನೇ ಹೇಳಿದೆ. ಅಷ್ಟರಲ್ಲಿ ನಾಯಿ ಕಂಬಳಿಯ ಮೇಲೆ ಗಲ್ಲವೂರಿ ಕೂತೇಬಿಟ್ಟಿತು ಎಂದು ಖಲೀಲ ಆಮೇಲೆ ಹೇಳಿದ. ಅದಕ್ಕೆ ಅಪರಾಧದ ವಾಸನೆ ಸಿಕ್ಕಿರಲಿಲ್ಲ, ಹುಲಿಕುಂಟೆಯ ಕುರಿಯ ವಾಸನೆ ಸಿಕ್ಕಿತ್ತು. ಅಧಿಕಾರಿ ನಕ್ಕು ನಮ್ಮನ್ನು ಬಿಟ್ಟ, ನಾಯಿಯನ್ನು ಎಳೆದುಕೊಂಡು ಹೋಗಬೇಕಾಯಿತು.

ಹೊರಗೆ ಬಂದರೆ ಚಳಿ ಮುಖಕ್ಕೆ ಹೊಡೆಯಿತು. ‘ಮೇಷ್ಟ್ರೇ, ಆ ಕಂಬಳಿ ಒಂದ್ಚೂರು ಕೊಡಿ, ಹೊದ್ಕೋತೀನಿ’ ಎಂದ ಖಲೀಲ. ‘ಹೊದ್ದ ಕಂಬಳೀನ ಸನ್ಮಾನಕ್ಕೆ ಕೊಡ್ತಾರೇನೋ?’ ಎಂದೆ. ಅವನು ಬರ್ನೋ ಮುಟ್ಟುವವರೆಗೆ ಹಲ್ಲು ಕಟಕಟಿಸುತ್ತಲೇ ಇದ್ದ. ನಾನು ಮನಸ್ಸು ಕರಗಿಸಿಕೊಳ್ಳಲಿಲ್ಲ.

ಮಾತಾಡುವ ಟ್ರಾಮು

ಬರ್ನೋದಲ್ಲಿ ನಮ್ಮನ್ನು ಕರೆದೊಯ್ಯಲು ಬಂದವನು ಮಿಲೋಶ್. ಅವನೂ ಕುರುಡ, ಹುಟ್ಟಿನಿಂದಲೇ. ನೀರು ಸರಬರಾಜು ಕಚೇರಿಯಲ್ಲಿ ದೂರವಾಣಿಯಲ್ಲಿ ದೂರು ಕೇಳುವ ಕೆಲಸ. ಸಂಜೆ ಹೊತ್ತು ಈ ತಂತ್ರಾಂಶದ ಕೆಲಸ, ಅದಕ್ಕೆ ಸಂಬಳವಿಲ್ಲ. ದಪ್ಪ ದನಿ, ಬೆಚ್ಚಗಿನ ಅಂಗೈ. ಅವನ ಇಂಗ್ಲಿಷೂ ನನ್ನದರಷ್ಟೇ ಮುರುಕಲಾದ್ದರಿಂದ ಮಾತು ಚೆನ್ನಾಗಿ ಕೂಡಿತು.

ಅಲ್ಲಿಯ ಕುರುಡರ ಕೈಯಲ್ಲಿ ಒಂದು ಪುಟ್ಟ ರಿಮೋಟ್ ಇರುತ್ತದೆ. ಗುಂಡಿ ಒತ್ತಿದರೆ ನಿಲ್ದಾಣಕ್ಕೆ ಬಂದ ಟ್ರಾಮು ತನ್ನ ನಂಬರನ್ನೂ ಹೋಗುವ ಜಾಗವನ್ನೂ ಹೊರಗಿನವರಿಗೆ ಕೇಳುವಂತೆ ಹೇಳುತ್ತದೆ. ಇನ್ನೊಂದು ಗುಂಡಿ ಒತ್ತಿದರೆ, ಕುರುಡರೊಬ್ಬರು ಹತ್ತುತ್ತಿದ್ದಾರೆ ಎಂದು ಚಾಲಕನಿಗೆ ಸುದ್ದಿ ಹೋಗುತ್ತದೆ. ಮಿಲೋಶ್ ತನ್ನಲ್ಲಿದ್ದ ಇನ್ನೊಂದನ್ನು ನನಗೆ ಕೊಟ್ಟ. ನಾನು ಒತ್ತಿದೆ, ಟ್ರಾಮು ಮಾತಾಡಿತು. ಖಲೀಲ ಇಸಿದುಕೊಂಡು ಒತ್ತಿದ, ಬಂದ ಟ್ರಾಮುಗಳನ್ನೆಲ್ಲ ಮಾತಾಡಿಸಿದ. ಕೊನೆಗೆ ಚಾಲಕಿಯೊಬ್ಬಳು ಕಿಟಕಿ ತೆರೆದು ಏನೋ ಅಂದಳು. ಮಿಲೋಶ್ ಅದನ್ನು ಅನುವಾದ ಮಾಡಲಿಲ್ಲ.

ಕೊರಟಗೆರೆ ಬಸ್ ನಿಲ್ದಾಣ ನೆನಪಾಯಿತು. ನಮ್ಮ ಬಸ್ಸುಗಳಿಗೆ ಮೊದಲಿನಿಂದಲೂ ಬಾಯಿದೆ, ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ಊರಿನ ಹೆಸರನ್ನು ಉಸಿರುಬಿಡದೆ ಕೂಗುತ್ತಾನೆ, ಯಾವ ಗುಂಡಿಯೂ ಬೇಕಿಲ್ಲ. ಅವನು ಕೂಗದ ದಿನ ಮಾತ್ರ ನಾನು ಮಧುಗಿರಿಗೆ ಹೋಗುವ ಬದಲು ತುಮಕೂರಿನ ಬಸ್ಸು ಹತ್ತಿಬಿಡುತ್ತೇನೆ. ಬರ್ನೋದಲ್ಲಿ ಕಂಡಕ್ಟರನ ಗಂಟಲನ್ನು ನಂಬಿ ಯಾರೂ ಕೂತಿಲ್ಲ.

ಇನ್ನೊಂದು ಸಂಗತಿ. ನಮ್ಮಲ್ಲಿ ರಸ್ತೆಯಂಚಿನಲ್ಲಿ ಸುಮ್ಮನೆ ನಿಂತರೂ ಯಾರಾದರೂ ಬಂದು ರೆಟ್ಟೆ ಹಿಡಿದು ಆಚೆ ದಾಟಿಸುತ್ತಾರೆ. ನಾನು ಮಗಳಿಗಾಗಿ ಕಾಯುತ್ತಿದ್ದೆ ಎನ್ನುವಷ್ಟರಲ್ಲಿ ಆಚೆ ಬದಿಯಲ್ಲಿರುತ್ತೇನೆ. ಬರ್ನೋದಲ್ಲಿ ಹತ್ತಿರ ಬಂದು, ಸಹಾಯ ಬೇಕೇ ಎಂದು ಕೇಳುತ್ತಾರೆ. ಬೇಡ ಎಂದರೆ ಹೊರಟುಹೋಗುತ್ತಾರೆ. ಯಾವೂರು, ಎಷ್ಟು ಮಕ್ಕಳು, ಹುಟ್ಟಿನಿಂದಲೇ ಹೀಗೋ ಎಂದು ಟ್ರಾಮಿನಲ್ಲಿ ಒಬ್ಬರೂ ಕೇಳಲಿಲ್ಲ. ಮೊದಲ ದಿನ ಅದು ಹಿತವಾಗಿತ್ತು. ಸಂಜೆಯ ಹೊತ್ತಿಗೆ, ಯಾರಾದರೂ ರೆಟ್ಟೆ ಹಿಡಿಯಬಾರದೇ ಎನ್ನಿಸಿತು.

ಬೀಗದ ಕೈ ಅಮ್ಮ

ಸಭೆ ಒಂದು ಕಾಲೇಜಿನ ಕಟ್ಟಡದಲ್ಲಿತ್ತು. ನಾನು ಪಂಚೆ ಜುಬ್ಬ ಹಾಕಿ, ಮೇಲೆ ಸ್ವೆಟರ್ ಏರಿಸಿ, ಕಂಬಳಿಯನ್ನು ಕಂಕುಳಲ್ಲಿಟ್ಟು ಸಿದ್ಧನಾಗಿ ಹೋದೆ. ‘ವೇದಿಕೆ ಎಲ್ಲಿದೆ ನೋಡೋ’ ಎಂದೆ. ‘ವೇದಿಕೆ ಇಲ್ಲ ಮೇಷ್ಟ್ರೇ. ಮೈಕೂ ಇಲ್ಲ. ಎಲ್ಲಾ ಕುರ್ಚಿ ರೌಂಡಾಗಿ ಹಾಕ್ಕೊಂಡವ್ರೆ. ಒಬ್ಬ ನೆಲದ ಮ್ಯಾಲೆ ಮಲಗವ್ನೆ’ ಎಂದ.

ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಏನೂ ಇಲ್ಲ. ಹೆಂಗಸೊಬ್ಬಳು, ಕಾಫಿ ಆ ಮೂಲೆಯಲ್ಲಿ, ಶೌಚಾಲಯ ಈ ಕಡೆ, ಶುರುಮಾಡೋಣ ಎಂದಳು. ಉದ್ಘಾಟನೆ ಅಷ್ಟೇ. ಇವಳೇ ಅಧ್ಯಕ್ಷೆ ಇರಬೇಕೆಂದು ನಾನು ಎದ್ದು ಕೈಮುಗಿದು, ನೀವು ಮುಖ್ಯಸ್ಥರೇ ಎಂದು ಕೇಳಿದೆ. ಅವಳು, ಈ ಸಲ ಈ ಕಟ್ಟಡದ ಬೀಗದ ಕೈ ನನ್ನ ಹತ್ತಿರ ಇದೆ ಅಷ್ಟೇ, ಮುಂದಿನ ಸಲ ಇನ್ನೊಬ್ಬರ ಹತ್ತಿರ ಇರುತ್ತದೆ ಎಂದಳು. ಖಲೀಲ ನನ್ನ ಕಿವಿಯ ಹತ್ತಿರ ಬಂದ. ‘ಈಯಮ್ಮಂಗೇ ಹೊದಿಸ್ಬುಡನ ಮೇಷ್ಟ್ರೇ. ಬೀಗದ ಕೈ ಇದ್ದೋರೇ ಯಜಮಾನ್ರು.’

ನನ್ನ ಸರದಿ ಬಂದಾಗ ಮನವಿಯನ್ನು ಓದಿದೆ. ನಾರಾಯಣಪ್ಪನವರ ಮಾತನ್ನೂ ಸೇರಿಸಿದೆ. ಎಲ್ಲರೂ ಗಮನವಿಟ್ಟು ಕೇಳಿದರು, ಅದು ಕೋಣೆಯ ಸದ್ದಿನಿಂದಲೇ ತಿಳಿಯುತ್ತಿತ್ತು. ಮುಗಿದ ಮೇಲೆ ಒಬ್ಬ ಹೇಳಿದ: ನೀವು ಹೇಳಿದ್ದು ಸರಿ, ಕನ್ನಡ ಉಳಿಯಬೇಕು, ಎಲ್ಲರೂ ಒಪ್ಪುತ್ತೇವೆ. ಹಾಗಾದರೆ ಯಾರು ನೋಡಿಕೊಳ್ಳುತ್ತೀರಿ?

ನಾನು ತಬ್ಬಿಬ್ಬಾದೆ. ನಮ್ಮಲ್ಲಿ ಮನವಿ ಕೊಟ್ಟರೆ ‘ನೋಡೋಣ’ ಎನ್ನುತ್ತಾರೆ. ಅದಕ್ಕೆ ನಾವು ಕೈಮುಗಿದು ಬರುತ್ತೇವೆ, ಮತ್ತೆ ಹೋಗುತ್ತೇವೆ. ಆಗುವುದಿಲ್ಲ ಎಂದರೂ ಜಗಳ ಕಾಯಬಹುದು. ಆಯಿತು, ನೀನೇ ಮಾಡು ಎಂದರೆ ಮುಂದೇನು ಎಂದು ನನಗೆ ತಿಳಿಯಲಿಲ್ಲ. ನಾಳೆ ಹನ್ನೆರಡು ಗಂಟೆಗೆ ಕನ್ನಡದ ತೀರ್ಮಾನ ಎಂದಳು ಬೀಗದ ಕೈ ಅಮ್ಮ. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಅಷ್ಟು ದೂರ ಕರೆಸಿ ನನ್ನ ತಲೆಗೇ ಕಟ್ಟುತ್ತಿದ್ದಾರಲ್ಲ ಎನ್ನಿಸಿತು.

ಮಿಲೋಶ್‌ನ ಅಡುಗೆಮನೆ

ಸಂಜೆ ಮಿಲೋಶ್ ಮನೆಗೆ ಊಟಕ್ಕೆ ಕರೆದ. ತಾನೇ ಅಡುಗೆ ಮಾಡಿದ್ದ: ಬೆಳ್ಳುಳ್ಳಿ ಸಾರು, ಅಣಬೆ ಗೊಜ್ಜು, ಅದರ ಜೊತೆ ಹಿಟ್ಟನ್ನು ನಾದಿ ಬೇಯಿಸಿ ಬಿಲ್ಲೆಬಿಲ್ಲೆಯಾಗಿ ಕೊಯ್ದ ಮೆತ್ತನೆಯ ತುಂಡುಗಳು. ಇಲ್ಲಿಯ ಮಾಂಸ ಹಲಾಲೋ ಅಲ್ಲವೋ ಎಂಬ ಅನುಮಾನ ಖಲೀಲನಿಗಿತ್ತು, ಊಟದಲ್ಲಿ ಮಾಂಸವೇ ಇಲ್ಲದ್ದರಿಂದ ಅವನು ನೆಮ್ಮದಿಯಾಗಿ ಕೂತ. ‘ಬಿಳಿ ಮುದ್ದೆ ಮೇಷ್ಟ್ರೇ. ಪಾಪ, ಕೊಯ್ದುಬುಟ್ಟವ್ರೆ’ ಎಂದ. ನುಂಗಿದಾಗ ರಾಗಿಯ ತೂಕವಿರಲಿಲ್ಲ, ಆದರೆ ಗೊಜ್ಜನ್ನು ಚೆನ್ನಾಗಿ ಹೀರಿಕೊಂಡಿತ್ತು.

ಊಟವಾದ ಮೇಲೆ ಮಿಲೋಶ್ ನಿಧಾನವಾಗಿ ಕೇಳಿದ: ನಿಮ್ಮ ಕಡೆ ಕನ್ನಡದ ದನಿಯನ್ನು ನಿಜವಾಗಿಯೂ ಬಳಸುತ್ತಾರೆಯೇ?

ಬಳಸುತ್ತಾರೆಯೇ ಎಂದರೇನು? ನಾನು ಒಬ್ಬೊಬ್ಬರನ್ನೇ ಹೇಳಿದೆ. ಬಲಸಮುದ್ರದ ಅಂಚೆ ಮಾಸ್ತರು. ಕೊರಟಗೆರೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಪುಷ್ಪಾ. ನನ್ನ ಕಾಲೇಜಿನ ವಿದ್ಯಾರ್ಥಿಗಳು. ಅವನು ಪ್ರತಿ ಹೆಸರಿಗೂ ಹೂಂ ಎನ್ನುತ್ತ ಹೋದ. ಆಮೇಲೆ ಹೇಳಿದ. ಕನ್ನಡದ ನಿಯಮಗಳನ್ನು ಮೊದಲು ಬರೆದವರು ಯಾರೋ ಅವನಿಗೆ ಗೊತ್ತಿಲ್ಲ, ಅವರು ಬಿಟ್ಟುಹೋದ ಮೇಲೆ ಬೇರೆ ಯಾರೂ ಬರದಿದ್ದಕ್ಕೆ ಇವನೇ ನೋಡಿಕೊಂಡ. ತಂತ್ರಾಂಶ ಬದಲಾದಾಗಲೆಲ್ಲ ಕನ್ನಡ ಕೆಡದಂತೆ ತೇಪೆ ಹಾಕಿದ. ಹಾಕಿದ ಮೇಲೆ ದನಿಯನ್ನು ಕೇಳುತ್ತಿದ್ದ, ಅದು ಸರಿಯೋ ತಪ್ಪೋ ತಿಳಿಯುತ್ತಿರಲಿಲ್ಲ. ಬಳಸುವವರು ದಯವಿಟ್ಟು ತಪ್ಪು ತಿಳಿಸಿ ಎಂದು ಮತ್ತೆ ಮತ್ತೆ ಬರೆದ. ಒಂದು ಉತ್ತರವೂ ಬರಲಿಲ್ಲ. ಆ ಕಡೆ ಯಾರೂ ಇಲ್ಲ ಎಂದುಕೊಂಡು ಕೊನೆಗೆ ಅವನೂ ಕೈಬಿಟ್ಟ.

‘ಕನ್ನಡ ನಿನಗೆ ಎಷ್ಟು ಬರುತ್ತದೆ?’ ಎಂದೆ. ಒಂದು ಪದವೂ ಬಾರದು ಎಂದ.

ನಾನು ತಟ್ಟೆಯ ಅಂಚನ್ನು ಸವರುತ್ತ ಕೂತೆ. ನಾನು ಮಧುಗಿರಿಯಲ್ಲಿ ಓದಿದ ಒಂದೊಂದು ಸಾಲಿನ ಹಿಂದೆಯೂ ಕನ್ನಡದ ಒಂದಕ್ಷರ ಬಾರದ ಈ ಮನುಷ್ಯ ಕತ್ತಲಲ್ಲಿ ಕೈಯಾಡಿಸುತ್ತ ಕೂತಿದ್ದ. ಅಳು ಬಂತು. ಅದನ್ನು ಬೆಳ್ಳುಳ್ಳಿ ಖಾರದ ಮೇಲೆ ಹಾಕಿದೆ.

ಅಷ್ಟು ಜನರಲ್ಲಿ ಒಬ್ಬರೂ ಏಕೆ ಬರೆಯಲಿಲ್ಲ, ತಪ್ಪೇ ಇರಲಿಲ್ಲವೇ ಎಂದು ಕೇಳಿದ. ತಪ್ಪು ಬೇಕಾದಷ್ಟಿತ್ತು ಎಂದೆ. ದಾಸೋಹದ ಮಾತು ಹೇಳಿದೆ. ಮಠದ ಪಂಕ್ತಿಯಲ್ಲಿ ಸಾವಿರ ಜನಕ್ಕೆ ಪುಕ್ಕಟೆ ಬಡಿಸುತ್ತಾರೆ, ತಿಂದವರು ಕೈಮುಗಿದು ಏಳುತ್ತಾರೆ, ರುಚಿ ಹೇಗಿತ್ತು ಎಂದು ಯಾರೂ ತಕರಾರು ತೆಗೆಯುವುದಿಲ್ಲ, ತೆಗೆದರೆ ಅದು ಕೃತಘ್ನತೆ. ನಿಮ್ಮ ಮೇಲಿನ ಗೌರವಕ್ಕೇ ನಾವು ಬಾಯಿ ಬಿಡಲಿಲ್ಲ ಎಂದೆ.

ಅದಕ್ಕೆ ಮಿಲೋಶ್ ತನ್ನ ಅಜ್ಜಿಯ ಕಾಲದ ಕತೆ ಹೇಳಿದ. ಚಳಿಗಾಲದಲ್ಲಿ ಊರಿನ ಹೆಂಗಸರು ಒಂದೊಂದು ಸಂಜೆ ಒಂದೊಂದು ಮನೆಯಲ್ಲಿ ಸೇರಿ ಬಾತುಕೋಳಿ ಗರಿ ಬಿಡಿಸುತ್ತಿದ್ದರಂತೆ, ಹೊದಿಕೆಗೆ ತುಂಬಲು. ಇವತ್ತು ನಿಮ್ಮ ಮನೆಯ ಗರಿ, ನಾಳೆ ನಮ್ಮ ಮನೆಯದು. ಗರಿಯ ದಂಟು ಸರಿಯಾಗಿ ತೆಗೆಯದಿದ್ದರೆ ಅಜ್ಜಿ ಬೈಯುತ್ತಿದ್ದಳು, ಬೈಸಿಕೊಂಡವಳು ಮಾರನೆಯ ದಿನ ಅಜ್ಜಿಯನ್ನು ಬೈಯುತ್ತಿದ್ದಳು. ನಮ್ಮ ಕೆಲಸ ಅದು, ದಾನ ಅಲ್ಲ ಎಂದ.

‘ಅಯ್ಯೋ, ಮುಯ್ಯಾಳು ಕಣ್ರೀ ಮೇಷ್ಟ್ರೇ’ ಎಂದ ಖಲೀಲ. ಅವನಿಗೆ ನನಗಿಂತ ಮೊದಲು ಹೊಳೆದಿತ್ತು. ‘ರಾಗಿ ಕುಯ್ಯಾಕೆ ಅವ್ರ ಹೊಲಕ್ಕೆ ಇವ್ರು, ಇವ್ರ ಹೊಲಕ್ಕೆ ಅವ್ರು ಹೋಗಲ್ವಾ, ಅಂಗೆ.’

ಹೌದು, ಮುಯ್ಯಿ. ಕೂಲಿಯಿಲ್ಲ, ದಾನವೂ ಅಲ್ಲ. ದಾಸೋಹದಲ್ಲಿ ಬಡಿಸುವವರು ನಿಂತಿರುತ್ತಾರೆ, ಉಣ್ಣುವವರು ಕೂತಿರುತ್ತಾರೆ. ಮುಯ್ಯಿಯಲ್ಲಿ ಎಲ್ಲರ ಕೈಯಲ್ಲೂ ಕುಡುಗೋಲು. ಸರಿಯಾಗಿ ಕೊಯ್ಯದಿದ್ದರೆ ಹೊಲದವನು ಗದರುತ್ತಾನೆ, ಗದರಿಸಿಕೊಂಡವನು ಮುನಿಸಿಕೊಳ್ಳುವುದಿಲ್ಲ. ನಾವು ಮುಯ್ಯಿಗೆ ಕರೆದಲ್ಲಿ ಎಲೆ ಹಾಸಿಕೊಂಡು ಊಟಕ್ಕೆ ಕೂತಿದ್ದೆವು. ಕೈಮುಗಿದು ಸುಮ್ಮನಿದ್ದೇ ತಗಡಣ್ಣನನ್ನು ಸಾಯಿಸುವವರಿದ್ದೆವು.

ಹೊರಡುವಾಗ ಕಂಬಳಿಯನ್ನು ಮಿಲೋಶ್‌ನ ಹೆಗಲಿಗೆ ಹೊದಿಸಿದೆ. ಅವನು ಮುಟ್ಟಿ, ಮೂಸಿ, ಕುರಿ ಎಂದು ನಕ್ಕ. ಅದನ್ನು ತೆಗೆದು ಅಂಚಿಗೆ ಅಂಚು ಸೇರಿಸಿ ಮಡಿಸಿ ವಾಪಸ್ಸು ನನ್ನ ಕೈಗಿಟ್ಟ. ನನಗೊಬ್ಬನಿಗೇ ಹೊದಿಸಿದರೆ ನನಗಿಂತ ಮೊದಲು ಬರೆದವರಿಗೆ ಏನು ಹೊದಿಸುತ್ತೀರಿ, ಇದನ್ನು ಕೆಲಸ ನಡೆಯುವ ಕಡೆ ಇಟ್ಟುಕೊಳ್ಳಿ ಎಂದ. ಕಡಲೆಕಾಯಿ ಮಿಠಾಯಿಯನ್ನು ಮಾತ್ರ ಇಟ್ಟುಕೊಂಡ.

ಬೀದಿಯಲ್ಲಿ ಗಾಳಿ ಕೊರೆಯುತ್ತಿತ್ತು. ‘ತಗೋ, ಹೊದ್ಕೋ ಇನ್ನು’ ಎಂದು ಖಲೀಲನಿಗೆ ಕೊಟ್ಟೆ. ‘ಯಾ ಅಲ್ಲಾ, ಇವಾಗ ಜೀವ ಬಂತು’ ಎಂದ. ಆಮೇಲಿನ ದಿನಗಳಲ್ಲಿ ಬರ್ನೋ ಜನ ಅವನನ್ನು ಯಾವುದೋ ಮಠದ ಸ್ವಾಮಿ ಎಂದುಕೊಂಡಿರಬೇಕು, ದಾರಿ ಬಿಡುತ್ತಿದ್ದರಂತೆ.

ಹನ್ನೊಂದಕ್ಕೆ ಹೊಡೆಯುವ ಹನ್ನೆರಡು

ಮಾರನೆಯ ಬೆಳಿಗ್ಗೆ ಆ ದೊಡ್ಡ ಇಗರ್ಜಿಯ ಹತ್ತಿರ ಕಟ್ಟೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದೆವು. ಮಧ್ಯಾಹ್ನದ ಗಂಟೆ ಶುರುವಾಯಿತು. ಖಲೀಲ ಎದ್ದು ನಿಂತ. ‘ಹನ್ನೆರಡಾಗೋಯ್ತು ಮೇಷ್ಟ್ರೇ, ಕನ್ನಡ ಹೋಯ್ತು.’ ನನ್ನ ಮಾತಾಡುವ ಗಡಿಯಾರ ಹನ್ನೊಂದು ಎನ್ನುತ್ತಿತ್ತು. ‘ಗಡಿಯಾರ ಚೀನಾದ್ದು. ಅಷ್ಟು ದೊಡ್ಡ ಗಂಟೆ ಸುಳ್ಳು ಹೇಳ್ತದಾ?’ ಎಂದು ನನ್ನನ್ನು ಎಳೆದುಕೊಂಡು ಓಡಿದ. ಓಡುವಾಗ ನನಗೆ ನಾರಾಯಣಪ್ಪನವರ ಮಾತು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಏದುಸಿರು ಬಿಡುತ್ತ ಬಾಗಿಲು ತಳ್ಳಿದರೆ ಒಳಗೆ ಬೇರೆ ಯಾವುದೋ ಭಾಷೆಯ ಮಾತು ನಡೆದಿತ್ತು. ಬೀಗದ ಕೈ ಅಮ್ಮ ನಗುತ್ತ ವಿಷಯ ತಿಳಿಸಿದಳು. ಹಿಂದೆ ಶತ್ರುಸೈನ್ಯ ಊರಿಗೆ ಮುತ್ತಿಗೆ ಹಾಕಿ, ಮಧ್ಯಾಹ್ನದೊಳಗೆ ಗೆಲ್ಲದಿದ್ದರೆ ಹೊರಟುಹೋಗುತ್ತೇವೆ ಎಂದಿತ್ತಂತೆ. ಊರಿನವರು ಒಂದು ಗಂಟೆ ಮೊದಲೇ ಹನ್ನೆರಡು ಹೊಡೆದರು. ಸೈನ್ಯ ಹೋಯಿತು. ಅಂದಿನಿಂದ ಇವತ್ತಿನವರೆಗೂ ಹನ್ನೊಂದಕ್ಕೇ ಹನ್ನೆರಡು. ಚರಿತ್ರೆಯ ಮೇಷ್ಟ್ರಾಗಿ ನನಗೆ ಇದು ಗೊತ್ತಿರಬೇಕಿತ್ತು ಎಂದು ಖಲೀಲ ನನ್ನ ಮೇಲೇ ತಪ್ಪು ಹೊರಿಸಿದ.

ಆ ಹೆಚ್ಚಿನ ಒಂದು ಗಂಟೆ ಅಲ್ಲೇ ಕೂತೆವು. ನೇಪಾಳದವನೊಬ್ಬ ತನ್ನ ಭಾಷೆಯ ದನಿಯಲ್ಲಿದ್ದ ದೋಷಗಳನ್ನು ಹೇಳಿದ. ಹೇಳಿದ ಎಂದರೆ ಸಾಲದು, ಮನೆ ಕಟ್ಟಿದ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡ ಹಾಗೆ ತೆಗೆದುಕೊಂಡ. ಮಾಡಿದವನು ಎದುರಿಗೇ ಕೂತಿದ್ದ, ಕೀಲಿಮಣೆಯ ಮೇಲೆ ಅವನ ಬೆರಳು ಓಡುತ್ತಿತ್ತು, ಇನ್ನೂ ಇದೆಯೇ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದ. ನಮ್ಮಲ್ಲಾದರೆ ಇಷ್ಟಕ್ಕೆ ಎರಡು ಮನೆಗಳ ಮಧ್ಯೆ ಮಾತು ನಿಂತುಹೋಗುತ್ತಿತ್ತು. ಇವರಿಬ್ಬರೂ ಮುಗಿದ ಮೇಲೆ ಒಟ್ಟಿಗೆ ಕಾಫಿಗೆ ಹೋದರು.

ಆಮೇಲೆ ‘ಕನ್ನಡ’ ಎಂದಳು ಬೀಗದ ಕೈ ಅಮ್ಮ. ಹೊಣೆ ಯಾರದು?

ನಾನು ಎದ್ದೆ. ನನಗೆ ಪ್ರೋಗ್ರಾಮು ಬರೆಯಲು ಬಾರದು, ಕಲಿಯುವ ವಯಸ್ಸೂ ದಾಟುತ್ತಿದೆ, ಆದರೆ ಕನ್ನಡ ಬರುತ್ತದೆ ಎಂದೆ. ಖಲೀಲ ಯಂತ್ರದ ಕೆಲಸ ನೋಡುತ್ತಾನೆ ಎಂದೆ. ಪಕ್ಕದಿಂದ ಖಲೀಲ ಕನ್ನಡದಲ್ಲೇ, ‘ನೋಡ್ತೀನಿ, ಬರ್ಕೊಳ್ಳಿ’ ಎಂದ. ನಿಯಮಗಳನ್ನು ತಾನು ಹೇಳಿಕೊಡುತ್ತೇನೆ ಎಂದು ಎದುರು ಸಾಲಿನಿಂದ ಮಿಲೋಶ್ ಹೇಳಿದ. ಚಪ್ಪಾಳೆ ಇರಲಿಲ್ಲ. ಸರಿ, ಮುಂದಿನ ಭಾಷೆ ಎಂದರು.

ಶಿರಾ, ಕಂಬಳಿಯ ಮೇಲೆ

ಊರಿಗೆ ಬಂದ ಮೇಲೆ ಒಂದು ಭಾನುವಾರ ಖಲೀಲನ ಅಂಗಡಿಯಲ್ಲಿ ಸೇರಿದೆವು. ಕುರ್ಚಿಗಳು ಸಾಲದೆ ಅವನು ಆ ಕಂಬಳಿಯನ್ನೇ ನೆಲಕ್ಕೆ ಹಾಸಿದ. ಕೊರಟಗೆರೆಯಿಂದ ಪುಷ್ಪಾ ಬಂದಳು, ಮಧುಗಿರಿಯಿಂದ ನನ್ನ ವಿದ್ಯಾರ್ಥಿಗಳು ಬಂದರು, ಪಾವಗಡದ ಬಸ್ಸಿನಲ್ಲಿ ನಾರಾಯಣಪ್ಪನವರು ಬಂದರು. ನಡುವೆ ಕಂಪ್ಯೂಟರ್ ಇಟ್ಟು ತಗಡಣ್ಣನಿಂದ ಪತ್ರಿಕೆ ಓದಿಸಿದೆ. ಮುಗಿದ ಮೇಲೆ, ತಪ್ಪು ಹೇಳಿ ಎಂದೆ. ಒಬ್ಬರೂ ಉಸಿರೆತ್ತಲಿಲ್ಲ.

‘ಬಾಗುಂದಿ ಕಣಪ್ಪ, ಇನ್ನೇನು?’ ಎಂದರು ನಾರಾಯಣಪ್ಪ. ‘ಸಾರ್, ಪರ್ವಾಗಿಲ್ಲ ಸಾರ್’ ಎಂದಳು ಪುಷ್ಪಾ.

ನಾನು ಮಿಲೋಶ್‌ನ ಅಡುಗೆಮನೆಯ ಮಾತನ್ನೆಲ್ಲ ಹೇಳಿದೆ. ಕನ್ನಡ ಬಾರದವನೊಬ್ಬ ತಪ್ಪು ತಿಳಿಸಿ ಎಂದು ಬರೆದು ಬರೆದು ಕಾದದ್ದು, ನಮ್ಮ ಸುಮ್ಮನಿರುವಿಕೆಯನ್ನು ಕೇಳಿ ಇಲ್ಲಿ ಯಾರೂ ಇಲ್ಲ ಎಂದುಕೊಂಡದ್ದು. ಪುಷ್ಪಾ ಮೊದಲು ಬಾಯಿ ಬಿಟ್ಟಳು: ‘ಅಂಕಿಗಳನ್ನ ತುಂಬಾ ಬೇಗ ಓದ್ತಾನೆ ಸಾರ್. ಬ್ಯಾಂಕಲ್ಲಿ ಒಂದೊಂದ್ನೂ ಎರಡೆರಡು ಸಲ ಕೇಳಬೇಕು.’ ಬರೆದುಕೊಂಡೆ. ಆಮೇಲೆ ಕಟ್ಟೆ ಒಡೆದ ಹಾಗೆ ಬಂತು. ಎಲ್ಲರದೂ ಮುಗಿದ ಮೇಲೆ ನಾರಾಯಣಪ್ಪನವರು ಶುರುಮಾಡಿದರು.

‘ನಾನು ಸಾವಿನ ಕಾಗದ ಓದೋವಾಗ ಮೊದ್ಲು ಒಂದು ಗಳಿಗೆ ಸುಮ್ಕೆ ಇರ್ತಿದ್ನಪ್ಪ. ಕೇಳೋರು ಅರ್ಥ ಮಾಡ್ಕೊಳ್ಳಿ ಅಂತ. ಈಯಪ್ಪ ಎಲ್ಲೂ ನಿಲ್ಲಲ್ಲ. ನನ್ ತಮ್ಮ ಹೋದ ಸುದ್ದೀನ ಹಂಗೇ ಓದ್ಬುಟ್ಟ, ಅದರ ಹಿಂದೇನೇ ಕಡಲೆಕಾಯಿ ರೇಟು ಓದ್ಬುಟ್ಟ.’

ಅಷ್ಟು ದಿನ ಅವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬಿಟ್ಟಿ ಕೊಟ್ಟವರನ್ನು ಅನ್ನಬಾರದು ಎಂದು ನನ್ನನ್ನು ಗದರಿದ್ದರು.

ಎಲ್ಲವನ್ನೂ ಮಿಲೋಶ್‌ಗೆ ಕಳಿಸಿದೆ. ಅವನು ಒಂದೊಂದಕ್ಕೂ ನಿಯಮ ಎಲ್ಲಿದೆ, ಹೇಗೆ ತಿದ್ದಬೇಕು ಎಂದು ತೋರಿಸಿದ. ಕೆಲವನ್ನು ಕೆಡಿಸಿದೆವು, ಮತ್ತೆ ಸರಿಮಾಡಿದೆವು. ಒಂದು ವಾರ ತಗಡಣ್ಣ ತೊದಲುತ್ತಿದ್ದ, ಅದು ಖಲೀಲನ ಕೈಚಳಕ. ಹೊಸ ಆವೃತ್ತಿ ಬಂದಾಗ ಅದರಲ್ಲಿ ಕನ್ನಡವಿತ್ತು. ಮತ್ತೆ ಕಂಬಳಿ ಹಾಸಿ ಕೂತೆವು. ತಗಡಣ್ಣ ಒಂದು ವಾಕ್ಯ ಓದಿದ, ನಿಂತ, ಇನ್ನೊಂದು ಓದಿದ. ಸುದ್ದಿಗೂ ಸುದ್ದಿಗೂ ನಡುವೆ ಒಂದು ಗಳಿಗೆ ಸುಮ್ಮನಿದ್ದ. ಪುಷ್ಪಾ ನನ್ನ ಕೈ ಅದುಮಿದಳು. ಎಲ್ಲರೂ ನಾರಾಯಣಪ್ಪನವರ ಮಾತಿಗೆ ಕಾದೆವು.

ಅವರು ಪೂರ್ತಿ ಕೇಳಿದರು. ಇನ್ನೊಂದು ಸಲ ಓದಿಸು ಎಂದು ಮತ್ತೆ ಕೇಳಿದರು. ಆಮೇಲೆ ಕಂಬಳಿಯ ಮೇಲೆ ಸ್ವಲ್ಪ ಮುಂದಕ್ಕೆ ಸರಿದು ಕೂತರು.

‘ಸಾರಿಗೆ ಉಪ್ಪು ಇನ್ನೂ ಸಾಲ್ದು ಮೇಷ್ಟ್ರೇ’ ಎಂದರು. ‘ಬರ್ಕೋ.’

ನಾನು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡೆ.